ಉಪ್ಪಿಗೂ ಹುಳ ಬೀಳುತ್ತಾ? ಚಿತ್ರದುರ್ಗದ ತೊಗಲು ಮಂಡಿಯೊಂದರ ಪ್ರಕರಣ

ಆಗಸ್ಟ್ ತಿಂಗಳ ಒಂದು ಸೋಮವಾರ ನಮ್ಮ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಲ್ಯಾಬಿಗೆ ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದ ಕೂಡಲೇ ಪಕ್ಕದ ಟೇಬಲ್ಲಿನವರು ಮೂಗು ಮುಚ್ಚಿಕೊಂಡರು. ಒಳಗೆ ಅಂಗೈ ಅಗಲದ ಕುರಿ ತೊಗಲಿನ ತುಂಡು ಇತ್ತು. ಒಂದು ಮೈಯಲ್ಲಿ ಉಣ್ಣೆ, ಇನ್ನೊಂದು ಮೈಯಲ್ಲಿ ಕಲ್ಲುಪ್ಪು. ಆ ಉಪ್ಪಿನ ನಡುನಡುವೆ ಕೆಂಪು. ಕುಂಕುಮವನ್ನು ನೀರಲ್ಲಿ ಕಲಸಿ ಚಿಮುಕಿಸಿದ ಹಾಗಿತ್ತು.

"ಮೇಡಂ, ನಮ್ಮ ದೊಡ್ಡಪ್ಪನ ಮಂಡೀದು. ಅರ್ಧ ಮಾಲಿಗೆ ಹಿಂಗೆ ಬಂದ್ಬಿಟ್ಟಿದೆ. ಏನಿದು ಅಂತ ನೋಡಿಕೊಡ್ತೀರಾ?"

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡುತ್ತೇನೆ. ಮಂಡಿ ಇರುವುದು ಇಲ್ಲಿಂದ 60 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ, ಚಳ್ಳಕೆರೆ ರಸ್ತೆಯ ಕಡೆ. ಈ ಪ್ರಕರಣದಲ್ಲಿ ನಾವು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದ ಮಂಡಿಯ ಯಜಮಾನರಿಗೆ ಇನ್ನಷ್ಟು ಮಾಲು ಹಾಳಾಯಿತು. ಹಾಗಾಗಿ ಅದನ್ನೂ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ.

ಮಂಡಿ ಮತ್ತು ಮಾಲು

ಚಿತ್ರದುರ್ಗ ಜಿಲ್ಲೆ ಕುರಿಗಳ ಸೀಮೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಮಳೆ ಕಡಿಮೆ, ಬೆಳೆ ನಂಬುವ ಹಾಗಿಲ್ಲ. ಕೈ ಹಿಡಿಯುವುದು ಕುರಿಯೇ. ಕುರಿ ಇದ್ದ ಮೇಲೆ ತೊಗಲು ಇದ್ದೇ ಇರುತ್ತದೆ. ಹಳ್ಳಿ ಹಳ್ಳಿಯ ಮಾಂಸದಂಗಡಿಗಳಿಂದ ತೊಗಲು ಮಂಡಿಗೆ ಬರುತ್ತದೆ. ಮಂಡಿಯಲ್ಲಿ ಉಪ್ಪು ಹಚ್ಚಿ, ಅಟ್ಟಿ ಹಾಕಿ, ಲೋಡು ತುಂಬಿದ ಮೇಲೆ ತಮಿಳುನಾಡಿನ ಟ್ಯಾನರಿಗಳಿಗೆ, ಅಂದರೆ ತೊಗಲು ಹದ ಮಾಡುವ ಕಾರ್ಖಾನೆಗಳಿಗೆ, ಕಳಿಸುತ್ತಾರೆ.

ಉಪ್ಪು ಹಚ್ಚುವುದು ಸುಮ್ನೆ ಎರಚುವ ಕೆಲಸವಲ್ಲ. 100 ಕಿಲೋ ಹಸಿ ತೊಗಲಿಗೆ ಸುಮಾರು 40 ಕಿಲೋ ಉಪ್ಪು ಬೇಕು. ಮಾಂಸದ ಮೈ ಮೇಲೆ ಮಾಡಿ ಹರಡಬೇಕು, ಕಾಲಿನ ತುದಿ, ಕತ್ತಿನ ಮಡಿಕೆ ಬಿಡದ ಹಾಗೆ ಕೈಯಲ್ಲಿ ತಿಕ್ಕಬೇಕು, ಅದರ ಮೇಲೆ ಇನ್ನೊಂದು ತೊಗಲು. ಉಪ್ಪು ಒಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಡುತ್ತದಲ್ವಾ, ಹಾಗೆ. ಕೊಳೆಸುವ ಬ್ಯಾಕ್ಟೀರಿಯಾಗಳ ಮೈಯಿಂದಲೂ ಉಪ್ಪು ಇದೇ ರೀತಿ ನೀರು ಎಳೆಯುತ್ತದೆ. ಅವು ಮುದುಡಿ ಸುಮ್ಮನಾಗುತ್ತವೆ. ತೊಗಲು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇದು ಯಜಮಾನರ ಅಪ್ಪನ ಕಾಲದಿಂದ ನಡೆದು ಬಂದ ಕೆಲಸ. ಉಪ್ಪು ಬಿದ್ದ ಮೇಲೆ ಮಾಲು ಕೆಟ್ಟಿದ್ದನ್ನು ಅವರು ಕಂಡಿರಲಿಲ್ಲ.

ಆ ವರ್ಷ ಬಕ್ರೀದ್ ಜೂನ್ ನಡುವೆ ಬಂತು. ಹಬ್ಬದ ಮೂರು ದಿನಕ್ಕೆ 640 ತೊಗಲು ಮಂಡಿಗೆ ಬಂದವು. ಇಷ್ಟು ಒಟ್ಟಿಗೆ ಬಂದಾಗ ಕೈ ಓಡುವುದಿಲ್ಲ, ಉಪ್ಪೂ ಸಾಲುವುದಿಲ್ಲ. ಇತ್ತೀಚೆಗೆ ತೊಗಲಿಗೆ ಬೆಲೆಯೂ ಇಲ್ಲ. ಕುರಿ ತೊಗಲೊಂದಕ್ಕೆ ಸಿಗುವ ದುಡ್ಡಿನಲ್ಲಿ ಉಪ್ಪಿನ ಖರ್ಚು, ಕೂಲಿ, ಲಾರಿ ಬಾಡಿಗೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಹೊಸ ಮೂಟೆಗಳ ಜೊತೆ, ಹಿಂದಿನ ಲೋಡು ಎತ್ತುವಾಗ ಉದುರಿದ ಹಳೇ ಉಪ್ಪನ್ನೂ ಗುಡಿಸಿ, ಜರಡಿ ಹಿಡಿದು ಹಚ್ಚಿದರು. ಯಾರಾದರೂ ಮಾಡುವ ಉಳಿತಾಯವೇ ಅದು. ಅದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ.

ಜುಲೈನಲ್ಲಿ ಟ್ಯಾನರಿಯವರು ಲೋಡು ಈಗ ಬೇಡ, ಕಾಯಿರಿ ಅಂದರು. ಜಿಟಿಜಿಟಿ ಮಳೆ ಶುರುವಾಯಿತು. ಮಂಡಿಗೆ ತಗಡಿನ ಶೀಟಿನ ಮಾಡು, ಒಂದೇ ಬಾಗಿಲು, ಕಿಟಕಿಗಳಿಗೆ ನಾಯಿ ಬರಬಾರದೆಂದು ಹಲಗೆ ಹೊಡೆದಿದ್ದರು. ಆಗಸ್ಟ್ ಮೊದಲ ವಾರ ಅಟ್ಟಿಯ ಅಂಚುಗಳಲ್ಲಿ ಗುಲಾಬಿ ಬಣ್ಣ ಕಂಡಿತು. ನಾಲ್ಕು ದಿನದಲ್ಲಿ ಅದು ಕೆಂಪಾಯಿತು.

ಮಂಡಿಯವರ ಅನುಮಾನಗಳು

ನಾವು ಮೊದಲು ಕೇಳಿದ್ದು ಅಲ್ಲಿ ಕೆಲಸ ಮಾಡುವವರ ಮಾತು. ದಿನವೂ ತೊಗಲು ಮುಟ್ಟುವವರ ಕಣ್ಣಿಗೆ ಬಿದ್ದದ್ದು ನಮ್ಮ ಮೈಕ್ರೋಸ್ಕೋಪಿಗೂ ಬಿದ್ದಿರುವುದಿಲ್ಲ.

ಒಬ್ಬರು ರಕ್ತದ ಕಲೆ ಅಂದರು. ಆದರೆ ಉಪ್ಪು ಬಿದ್ದ ರಕ್ತ ದಿನ ಕಳೆದಂತೆ ಕಂದಾಗುತ್ತದೆ, ಇದು ದಿನ ಕಳೆದಂತೆ ಕೆಂಪಾಗಿತ್ತು. ಕುರಿಗಾಹಿಗಳು ಗುರುತಿಗೆ ಹಚ್ಚುವ ಬಣ್ಣ ಇರಬಹುದು ಎಂದು ಇನ್ನೊಬ್ಬರು. ಆ ಬಣ್ಣ ಉಣ್ಣೆಯ ಮೇಲಿರುತ್ತದೆ, ಈ ಕೆಂಪು ಮಾಂಸದ ಮೈಯಲ್ಲಿತ್ತು. ಉಪ್ಪಿನ ವ್ಯಾಪಾರಿ ಏನೋ ಬೆರೆಸಿದ್ದಾನೆ ಎಂಬುದು ಯಜಮಾನರ ತಮ್ಮನ ಮಾತು. ತಗಡಿನ ತುಕ್ಕು ಮಳೆ ನೀರಿನ ಜೊತೆ ಸೋರಿದೆ ಎಂಬುದು ಯಜಮಾನರ ಅನುಮಾನ. ಮಾಡಿನಲ್ಲಿ ನಿಜಕ್ಕೂ ತುಕ್ಕಿತ್ತು, ಎರಡು ಕಡೆ ಸೋರುತ್ತಲೂ ಇತ್ತು.

ಉಪ್ಪು ಹಚ್ಚುವ ಕೆಲಸದ ಹಿರಿಯ ಹೆಂಗಸೊಬ್ಬರು ಮಾತ್ರ ಬೇರೆ ಮಾತು ಹೇಳಿದರು: "ಇದು ಬೆಳೀತೈತಿ ಮೇಡಂ. ಕಲೆ ಎಲ್ಲಾದ್ರೂ ಬೆಳೀತೈತಾ?"

ಆ ಮಾತನ್ನು ನಾನು ಬರೆದುಕೊಂಡೆ. ಅದರ ತೂಕ ಮಾತ್ರ ಅವತ್ತು ನನಗೆ ತಿಳಿಯಲಿಲ್ಲ.

ನಮ್ಮ ಮೊದಲ ಪರೀಕ್ಷೆ, ನಮ್ಮ ತಪ್ಪು

ಲ್ಯಾಬಿನಲ್ಲಿ ಯಾವ ಸ್ಯಾಂಪಲ್ ಬಂದರೂ ನಾವು ಮಾಡುವ ಕ್ರಮ ಒಂದೇ. ಒಂದು ಗ್ರಾಂ ಕೆರೆದು ತೆಗೆಯುವುದು, 0.85 ಪರ್ಸೆಂಟ್ ಉಪ್ಪಿರುವ ಸಲೈನ್ ನೀರಿನಲ್ಲಿ ಕದಡುವುದು, ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡುವುದು, ಸೂಕ್ಷ್ಮಜೀವಿ ಬೆಳೆಸುವ ಸಾಮಾನ್ಯ ಅಗರ್ ಪ್ಲೇಟಿಗೆ ಹಚ್ಚಿ 37 ಡಿಗ್ರಿಯಲ್ಲಿ ಎರಡು ದಿನ ಇಡುವುದು. ಈ ಸಲೈನ್ ನಮ್ಮ ರಕ್ತದಷ್ಟೇ ಉಪ್ಪಾಗಿರುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಗೆ ಇದು ಹಿತ.

ಎರಡು ದಿನದ ಮೇಲೆ ಪ್ಲೇಟಿನಲ್ಲಿ ಬಿಳಿ, ಕೆನೆ ಬಣ್ಣದ ಒಂದಷ್ಟು ಚುಕ್ಕೆ ಬಂದವು. ಎಲ್ಲ ತೊಗಲಿನಲ್ಲೂ ಇರುವಂಥವೇ. ಕೆಂಪು ಒಂದೂ ಇಲ್ಲ. ಸ್ಲೈಡ್ ಮೇಲೆ ನೀರಿನ ಹನಿಯಲ್ಲಿ ಕದಡಿ, ಬಣ್ಣ ಹಾಕಿ ನೋಡಿದೆವು. ಅಲ್ಲೂ ಏನೂ ಇಲ್ಲ, ಬರೀ ಮಸುಕು. "ಕೆಂಪಿಗೆ ಬ್ಯಾಕ್ಟೀರಿಯಾ ಕಾರಣ ಇರಲಾರದು" ಎಂದು ಬರೆದುಕೊಟ್ಟೆ. ಸಹಿ ನನ್ನದೇ.

ಯಜಮಾನರು ಆ ಚೀಟಿಯನ್ನು ನಂಬಿದರು. ಬ್ಯಾಕ್ಟೀರಿಯಾ ಅಲ್ಲ ಎಂದ ಮೇಲೆ ತುಕ್ಕೇ ಇರಬೇಕು ಎಂದು ಅಟ್ಟಿಯ ಮೇಲೆ ದಪ್ಪ ಟಾರ್ಪಾಲು ಹೊದಿಸಿ, ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿಸಿದರು. ಹತ್ತು ದಿನದ ಮೇಲೆ ಬಿಚ್ಚಿದರೆ ಒಳಗೆ ಬೆವರಿದ ಹಾಗೆ ನೀರು. ಕೆಂಪು ಎರಡರಷ್ಟಾಗಿತ್ತು. ಕೆಲವು ತೊಗಲಿನಲ್ಲಿ ಉಣ್ಣೆ ಹಿಡಿದು ಎಳೆದರೆ ಕೈಗೇ ಬರುತ್ತಿತ್ತು. ಉಣ್ಣೆ ಜಾರಿತು ಎಂದರೆ ತೊಗಲು ಒಳಗೆ ಕೊಳೆಯಲು ಶುರುವಾಗಿದೆ ಎಂದೇ ಲೆಕ್ಕ.

ಲೋಳೆಯ ಸುಳಿವು

ದಾರಿ ತೋರಿಸಿದ್ದು ಡಬ್ಬಿ ತಂದ ಹುಡುಗಿಯೇ. ತೊಳೆಯಲು ಹೋದ ಒಂದು ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. "ಮೇಡಂ, ಈ ಕೆಂಪಿಗೆ ನೀರು ಹಾಕಿದ್ರೆ ಮೊಟ್ಟೆ ಲೋಳೆ ಹಂಗೆ ಆಗುತ್ತೆ. ಅದೇ ತೊಗಲಿಂದ ಜಿನುಗಿದ ಉಪ್ಪುನೀರಲ್ಲಿ ಕಲಸಿದ್ರೆ ಲೋಳೆ ಇಲ್ಲ, ಬರೀ ಕದಡಿರುತ್ತೆ."

ಎರಡು ಟ್ಯೂಬ್ ಪಕ್ಕಪಕ್ಕ ಇಟ್ಟು ನೋಡಿದೆ. ಸಿಹಿನೀರಿನದು ತಿಳಿಯಾಗಿತ್ತು, ಆದರೆ ಕಡ್ಡಿ ಅದ್ದಿ ಎತ್ತಿದರೆ ದಾರ ಎಳೆಯುತ್ತಿತ್ತು. ಸೂಕ್ಷ್ಮಜೀವಿ ಕಲಿಸುವವರಿಗೆ ಆ ದಾರ ಚೆನ್ನಾಗಿ ಗೊತ್ತು. ಜೀವಕೋಶ ಒಡೆದಾಗ ಒಳಗಿನ ಡಿಎನ್‌ಎ ಹೊರಗೆ ಬಂದು ಹಾಗೆ ಎಳೆಯಾಗುತ್ತದೆ. ಅಂದರೆ ಕೆಂಪಿನಲ್ಲಿ ಜೀವ ಇತ್ತು. ನೀರು ತಾಗಿದ ಕ್ಷಣ ಅದು ಒಡೆದು ಸತ್ತಿತ್ತು. ಸಲೈನಿನಲ್ಲಿ ಕದಡಿದಾಗಲೇ, ಪ್ಲೇಟಿಗೆ ಹಚ್ಚುವ ಮೊದಲೇ, ನಾವು ಹುಡುಕುತ್ತಿದ್ದದ್ದನ್ನು ನಮ್ಮ ಕೈಯಾರೆ ಕೊಂದಿದ್ದೆವು.

ಉಪ್ಪಿನಲ್ಲೇ ಬದುಕುವ, ಉಪ್ಪಿಲ್ಲದೆ ಸಾಯುವ ಜೀವಿಗಳಿವೆ ಎಂದು ನಾನು ವರ್ಷ ವರ್ಷ ಪಾಠ ಮಾಡಿದ್ದೇನೆ. ಮೃತ ಸಮುದ್ರ, ಉಪ್ಪಿನ ಗದ್ದೆ, ರಾಜಸ್ಥಾನದ ಸಾಂಭರ್ ಸರೋವರ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ಚಳ್ಳಕೆರೆ ರಸ್ತೆಯ ಮಂಡಿಯೊಂದರಲ್ಲಿ ಅವು ಇರಬಹುದು ಎಂದು ಹೊಳೆಯಲೇ ಇಲ್ಲ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಎರಡನೇ ಸಲ

ಈ ಸಲ ಎಲ್ಲವನ್ನೂ ಉಪ್ಪಿನಲ್ಲೇ ಮಾಡಿದೆವು. ಲೀಟರಿಗೆ 250 ಗ್ರಾಂ ಉಪ್ಪು, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 3 ಗ್ರಾಂ ಸೋಡಿಯಂ ಸಿಟ್ರೇಟ್, 2 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 10 ಗ್ರಾಂ ಪೆಪ್ಟೋನ್. ಗಟ್ಟಿಯಾಗಲು ಅಗರ್. ಸಮುದ್ರದ ನೀರಿನಲ್ಲಿ ಉಪ್ಪು ಇರುವುದು 3.5 ಪರ್ಸೆಂಟ್. ನಮ್ಮ ಪ್ಲೇಟು ಅದಕ್ಕಿಂತ ಏಳು ಪಟ್ಟು ಉಪ್ಪು. ತೆಳು ಮಾಡುವ ನೀರೂ ಅಷ್ಟೇ ಉಪ್ಪು. ಪ್ಲೇಟು ಒಣಗಿ ಹರಳುಗಟ್ಟಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ 37 ಡಿಗ್ರಿಯಲ್ಲಿಟ್ಟೆವು.

ಮೂರನೇ ದಿನ ಏನೂ ಇಲ್ಲ. ಐದನೇ ದಿನವೂ ಇಲ್ಲ. ಸಾಮಾನ್ಯ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಬೆಳೆಯುತ್ತದೆ. ಇವಕ್ಕೆ ಅವಸರವಿಲ್ಲ. ಎಂಟನೇ ದಿನ ಸಾಸಿವೆಗಿಂತ ಸಣ್ಣ, ತೆಳು ಗುಲಾಬಿ ಚುಕ್ಕೆಗಳು ಎದ್ದವು. ಹನ್ನೊಂದನೇ ದಿನ ಪ್ಲೇಟು ತುಂಬ ದಾಳಿಂಬೆ ಕೆಂಪು. ಹುಡುಗರು ಸುತ್ತ ನಿಂತು ಸುಮ್ಮನೆ ನೋಡುತ್ತಿದ್ದರು. ಮಾತೇ ಇಲ್ಲ.

ಒಂದು ಚುಕ್ಕೆಯನ್ನು ಉಪ್ಪುನೀರಿನ ಹನಿಯಲ್ಲಿ ಕದಡಿ, ಗಾಜು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ಇಟ್ಟೆವು. ಸಣ್ಣ ಸಣ್ಣ ಕಡ್ಡಿಗಳು, ಕೆಲವು ಈಜುತ್ತಿದ್ದವು. ಗಾಜಿನ ಅಂಚಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟೆವು. ನೀರು ಒಳಗೆ ಹರಿದ ಕಡೆ ಕಡ್ಡಿಗಳು ಉಬ್ಬಿ ಗುಂಡಗಾದವು, ಮಸುಕಾದವು, ಇಲ್ಲವಾದವು. ಮೊದಲ ಸಲ ಸ್ಲೈಡ್ ಯಾಕೆ ಖಾಲಿ ಕಂಡಿತ್ತು ಎಂದು ಯಾರಿಗೂ ಬಾಯಲ್ಲಿ ಹೇಳಬೇಕಾಗಲಿಲ್ಲ. ಇವಕ್ಕೆ ಬಣ್ಣ ಹಾಕಲು 1955ರಲ್ಲಿ ಪ್ರಕಟವಾದ ಒಂದು ವಿಧಾನವಿದೆ. ನೀರಿನ ಬದಲು 2 ಪರ್ಸೆಂಟ್ ಅಸಿಟಿಕ್ ಆಸಿಡ್‌ನಲ್ಲಿ ಸ್ಲೈಡ್ ಅದ್ದಿದರೆ ಉಪ್ಪು ಹೋಗುತ್ತದೆ, ಕೋಶ ಒಡೆಯದೆ ನಿಲ್ಲುತ್ತದೆ. ಆಮೇಲೆ ಹಾಗೆಯೇ ಮಾಡಿದೆವು.

ಇನ್ನೆರಡು ಪರೀಕ್ಷೆ ಮಾಡಿದೆವು. ಪೆನಿಸಿಲಿನ್ ಬಿಲ್ಲೆ ಇಟ್ಟರೆ ಅದರ ಸುತ್ತಲೂ ಆರಾಮಾಗಿ ಬೆಳೆದವು. ಪಿತ್ತರಸದ ಲವಣ ಹಾಕಿದರೆ ಬೆಳೆಯಲೇ ಇಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸ ಕೆಡಿಸುತ್ತದೆ. ಇವುಗಳಲ್ಲಿ ಆ ಬಗೆಯ ಗೋಡೆಯೇ ಇಲ್ಲ. ಯಾಕೆಂದರೆ ಇವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾಗಳು. ಪಿತ್ತರಸದ ಲವಣ ತಡೆಯದಿರುವುದೂ ಉಪ್ಪಿನಲ್ಲಿ ಬದುಕುವ ಆರ್ಕಿಯಾಗಳ ಗುರುತೇ. ನೋಡಲು ಬ್ಯಾಕ್ಟೀರಿಯಾ ತರಹ ಇದ್ದರೂ ಇವು ಬೇರೆಯದೇ ವಂಶ ಎಂದು ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟದ್ದು 1977ರಲ್ಲಿ. ಅಷ್ಟರೊಳಗೆ ಹೆಸರಿಟ್ಟಾಗಿತ್ತು. ಹಾಗಾಗಿ ಈ ಗುಂಪಿನ ಹೆಸರಾಂತ ಜೀವಿಯನ್ನು ಇವತ್ತಿಗೂ ಹ್ಯಾಲೋಬ್ಯಾಕ್ಟೀರಿಯಂ ಸಲೈನಾರಂ ಎಂದೇ ಕರೆಯುತ್ತಾರೆ. ನಮ್ಮದು ಅದೇ ಜಾತಿಯೋ, ಅದರ ನೆಂಟನೋ ಹೇಳಲು ಜೀನ್ ಓದಿಸಬೇಕಿತ್ತು. ಅಷ್ಟು ದುಡ್ಡು ನಮ್ಮ ಬಳಿ ಇರಲಿಲ್ಲ. ಮಂಡಿಯ ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಉಪ್ಪಿನಲ್ಲಿ ಬದುಕುವುದು ಹೇಗೆ

ಮಾವಿನ ಹೋಳು ನೀರು ಬಿಡುವುದು ಹೊರಗೆ ಉಪ್ಪು ಜಾಸ್ತಿ, ಒಳಗೆ ಕಡಿಮೆ ಇರುವುದರಿಂದ. ಈ ಆರ್ಕಿಯಾಗಳು ಒಳಗೂ ಅಷ್ಟೇ ಉಪ್ಪು ತುಂಬಿಕೊಳ್ಳುತ್ತವೆ. ಸೋಡಿಯಂ ಅನ್ನು ಹೊರಗೆ ದೂಡಿ, ಪೊಟ್ಯಾಸಿಯಂ ಅನ್ನು ಒಳಗೆ ಎಳೆದು, ಎರಡೂ ಕಡೆ ಸಮ ಮಾಡಿಕೊಳ್ಳುತ್ತವೆ. ಆಗ ನೀರು ಹೊರಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಅಷ್ಟು ಉಪ್ಪಿನಲ್ಲಿ ನಮ್ಮ ನಿಮ್ಮ ಪ್ರೋಟೀನುಗಳು ಮುದ್ದೆಯಾಗಿ ಕೆಲಸ ನಿಲ್ಲಿಸಿಬಿಡುತ್ತವೆ. ಇವುಗಳ ಪ್ರೋಟೀನುಗಳ ಮೈ ತುಂಬ ಆಮ್ಲ ಗುಣದ ತುಣುಕುಗಳಿವೆ. ಅವು ನೀರನ್ನು ಬಿಗಿಯಾಗಿ ಹಿಡಿದುಕೊಂಡು ಪ್ರೋಟೀನನ್ನು ಬಿಡಿಬಿಡಿಯಾಗಿ ಇಡುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಉಪ್ಪು ಕಡಿಮೆಯಾದರೆ ಅದೇ ಪ್ರೋಟೀನು ಬಿಚ್ಚಿಹೋಗುತ್ತದೆ. ಹೊರ ಹೊದಿಕೆ ಕಳಚುತ್ತದೆ, ಕೋಶ ಒಡೆಯುತ್ತದೆ. ವಾಣಿವಿಲಾಸ ಸಾಗರದ ಸಿಹಿನೀರು ಇಡೀ ಜಿಲ್ಲೆಗೆ ಜೀವ, ಈ ಜೀವಿಗೆ ಮಾತ್ರ ಸಾವು.

ಕೆಂಪು ಬಣ್ಣಕ್ಕೆ ಬ್ಯಾಕ್ಟೀರಿಯೋರೂಬೆರಿನ್ ಎಂದು ಹೆಸರು. ಕ್ಯಾರೆಟ್ಟಿನ ಬಣ್ಣದ ನೆಂಟ, ಕ್ಯಾರೆಟ್ಟಿನದರಲ್ಲಿ 40 ಕಾರ್ಬನ್ ಇದ್ದರೆ ಇದರಲ್ಲಿ 50. ಸುಡು ಬಿಸಿಲಿನಿಂದ ಕೋಶವನ್ನು ಕಾಪಾಡುತ್ತದೆ. ಸಮುದ್ರ ತೀರದ ಉಪ್ಪಿನ ಗದ್ದೆಗಳಲ್ಲಿ ನೀರು ಇಂಗಿ ಉಪ್ಪು ಕಟ್ಟುವ ಹೊತ್ತಿಗೆ ಮಡಿಗಳು ಗುಲಾಬಿಯಾಗುವುದು ಬಹುಮಟ್ಟಿಗೆ ಇವುಗಳಿಂದಲೇ. ಜೊತೆಗೆ ಡುನಾಲಿಯೆಲ್ಲ ಎಂಬ ಪಾಚಿಯೂ ಇರುತ್ತದೆ. ಆ ಕೆಂಪು ಬಿಸಿಲನ್ನು ಹೀರಿ ನೀರನ್ನು ಇನ್ನಷ್ಟು ಬಿಸಿ ಮಾಡುತ್ತದೆ, ಉಪ್ಪು ಬೇಗ ಕಟ್ಟುತ್ತದೆ. ಅಲ್ಲಿ ಇದು ಬೇಕಾದ ನೆಂಟ.

ಹ್ಯಾಲೋಬ್ಯಾಕ್ಟೀರಿಯಂನ ಇನ್ನೊಂದು ವಿದ್ಯೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಗಾಳಿ ಸಾಲದಿದ್ದಾಗ ಅದು ಬೆಳಕಿನಿಂದ ಶಕ್ತಿ ಮಾಡಿಕೊಳ್ಳಬಲ್ಲದು, ಅದೂ ಹಸಿರೆಲೆಯ ದಾರಿಯಲ್ಲಲ್ಲ. ಅದರ ಪೊರೆಯಲ್ಲಿ ನೇರಳೆ ಬಣ್ಣದ ಒಂದು ಪ್ರೋಟೀನು ಇದೆ. ಅದರೊಳಗೆ ಕೂತಿರುವುದು ರೆಟಿನಲ್, ನಮ್ಮ ಕಣ್ಣಿನಲ್ಲಿ ಬೆಳಕು ಹಿಡಿಯುವ ಅದೇ ವಸ್ತು. 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಇದನ್ನು ಹೊರಗೆ ತಂದರು. ತೊಗಲಿನ ಮೇಲಿನ ಕೆಂಪು ಕೊಳೆ ಎಂದು ನಾವು ಮೂಗು ಮುಚ್ಚಿದ್ದರ ವಂಶದಲ್ಲಿ ಕಣ್ಣಿನ ಪ್ರೋಟೀನಿನಂಥದ್ದೇ ಒಂದಿದೆ ಎಂದು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ತೊಗಲಿನವರಿಗೆ ಈ ಕೆಂಪು ಹೊಸದೇನಲ್ಲ. ಇಂಗ್ಲಿಷಿನಲ್ಲಿ ರೆಡ್ ಹೀಟ್ ಎನ್ನುತ್ತಾರೆ. ಕೆನಡಾದಲ್ಲಿ 1922ರಲ್ಲಿ ಹ್ಯಾರಿಸನ್ ಮತ್ತು ಕೆನಡಿ ಎಂಬುವರು ಉಪ್ಪು ಹಾಕಿದ ಕಾಡ್ ಮೀನು ಕೆಂಪಾಗುವುದಕ್ಕೆ ಇಂಥ ಜೀವಿಗಳೇ ಕಾರಣ ಎಂದು ಬರೆದರು. 1934ರಲ್ಲಿ ಅದೇ ದೇಶದ ಲಾಕ್‌ಹೆಡ್ ಉಪ್ಪು ಹಾಕಿದ ತೊಗಲಿನ ಕೆಂಪನ್ನು ಬೆಳೆಸಿ ನೋಡಿದರು. ನಾವು ಮಾಡಿದ್ದು ಹೆಚ್ಚುಕಡಿಮೆ ಅದೇ ಕೆಲಸ.

ಮಂಡಿಗೆ ಬಂದದ್ದು ಎಲ್ಲಿಂದ

ಮೂರು ಉಪ್ಪನ್ನು ಪ್ಲೇಟಿಗೆ ಹಾಕಿದೆವು. ಹೊಸ ಮೂಟೆಯ ಕಲ್ಲುಪ್ಪು, ಗುಡಿಸಿದ ಹಳೇ ಉಪ್ಪು, ಅಂಗಡಿಯ ಪ್ಯಾಕೆಟ್ ಉಪ್ಪು. ಪ್ಯಾಕೆಟ್ ಉಪ್ಪಿನಲ್ಲಿ ಏನೂ ಬರಲಿಲ್ಲ. ಹೊಸ ಮೂಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಹಳೇ ಉಪ್ಪಿನಲ್ಲಿ ಎಣಿಸಲಾಗದಷ್ಟು.

ಕಲ್ಲುಪ್ಪು ಎಂದರೆ ಬಿಸಿಲಿನಲ್ಲಿ ಒಣಗಿಸಿದ ಸಮುದ್ರದ ನೀರು. ಹರಳು ಕಟ್ಟುವಾಗ ಅದರೊಳಗೆ ಸೂಜಿಮೊನೆಯಷ್ಟು ಉಪ್ಪುನೀರಿನ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಆ ಗುಳ್ಳೆಯಲ್ಲಿ ಆರ್ಕಿಯಾ ಕೂಡ ಸಿಕ್ಕಿಕೊಳ್ಳುತ್ತದೆ, ಸಾಯದೆ ಕಾಯುತ್ತದೆ. ಹೀಗೆ ಕಡಲ ತೀರದಿಂದ ಲಾರಿ ಹತ್ತಿ ಬಯಲುಸೀಮೆಗೆ ಬರುತ್ತದೆ. ತೊಗಲು ಕಾಯಲೆಂದು ತಂದ ಉಪ್ಪಿನಲ್ಲೇ ಅದು ಇತ್ತು.

ಯಜಮಾನರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಉಪ್ಪಿಗೂ ಹುಳ ಬೀಳುತ್ತಾ ಮೇಡಂ? ಹಂಗಾದ್ರೆ ನಮ್ಮಪ್ಪನ ಕಾಲದಾಗೆ ಯಾಕೆ ಬರಲಿಲ್ಲ?"

ಒಳ್ಳೆ ಪ್ರಶ್ನೆ. ಆಗಲೂ ಉಪ್ಪಿನಲ್ಲಿ ಇದು ಇದ್ದಿರಲೇಬೇಕು. ಬೆಳೆಯಲು ಮೂರು ಅನುಕೂಲ ಬೇಕು. ಒಂದು ಸೆಕೆ. ಈ ಜೀವಿಗೆ 40 ಡಿಗ್ರಿ ದಾಟಿದರೂ ಖುಷಿಯೇ, ತಗಡಿನ ಕೆಳಗೆ ಮಧ್ಯಾಹ್ನದ ಸೆಕೆ ಅದಕ್ಕೆ ಹೇಳಿ ಮಾಡಿಸಿದ್ದು. ಅಪ್ಪನ ಕಾಲದಲ್ಲಿ ಮಂಡಿಗೆ ಹೆಂಚಿನ ಮಾಡಿತ್ತು. ಇನ್ನೊಂದು ಹೊತ್ತು. ಆಗ ಹದಿನೈದು ದಿನಕ್ಕೊಂದು ಲೋಡು ಹೋಗುತ್ತಿತ್ತು, ಈ ಸಲ ಏಳು ವಾರ ಕೂತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗಲು ಶುರು ಮಾಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಜಿನುಗುವುದು ಇದೇ ಕಾರಣಕ್ಕೆ. ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಅದಂತೂ 33 ಪರ್ಸೆಂಟಿಗೇ ನೀರು ಹೀರುತ್ತದೆ. ಒಣಗಿದ ಹರಳಿನಲ್ಲಿ ಆರ್ಕಿಯಾ ಕಾಯುತ್ತದೆ ಅಷ್ಟೇ, ಬೆಳೆಯುವುದಿಲ್ಲ. ಹರಳಿನ ಮೈ ಜಿನುಗಿ ಉಪ್ಪುನೀರಿನ ತೆಳು ಪದರ ಬಂದಾಗ ಅದಕ್ಕೆ ಕೆರೆ ಸಿಕ್ಕ ಹಾಗೆ. ತೊಗಲಿನ ಮಾಂಸ, ಕೊಬ್ಬು ಊಟ. ನಾವು ತುಕ್ಕು ಎಂದು ಟಾರ್ಪಾಲು ಬಿಗಿದದ್ದು ತೇವವನ್ನೂ ಸೆಕೆಯನ್ನೂ ಒಟ್ಟಿಗೆ ಕೂಡಿಹಾಕಿತು.

ಕೆಂಪು ಬಂದ ತೊಗಲೆಲ್ಲ ಕೆಟ್ಟಿತು ಎಂದಲ್ಲ. ಕೆಂಪು ಕಂಡರೆ ತೇವ, ಸೆಕೆ ಎರಡೂ ಮಿತಿ ಮೀರಿದೆ ಎಂದು ಅರ್ಥ. ಇವುಗಳಲ್ಲಿ ಕೆಲವು ಪ್ರೋಟೀನು, ಕೊಬ್ಬನ್ನು ಕರಗಿಸುವ ಕಿಣ್ವ ಬಿಡುತ್ತವೆ. ಉಪ್ಪಿಗೆ ಹೆದರದ ಬೇರೆ ಬ್ಯಾಕ್ಟೀರಿಯಾಗಳೂ ಜೊತೆ ಸೇರುತ್ತವೆ. ಬಿಟ್ಟಷ್ಟೂ ತೊಗಲಿನ ನುಣುಪು ಮೈ ಸವೆಯುತ್ತದೆ. ಅದು ಟ್ಯಾನರಿಯಲ್ಲಿ ಉಣ್ಣೆ ತೆಗೆದ ಮೇಲೇ ಕಾಣುವುದು. ಸಣ್ಣ ಸಣ್ಣ ಗುಳಿಗಳು, ಮಸುಕು ತೇಪೆಗಳು. ಅಂಥದ್ದಕ್ಕೆ ಬೆಲೆ ಬರುವುದಿಲ್ಲ.

ಯಜಮಾನರ ಸೊಸೆ ಕೇಳಿದ್ದು ಬೇರೆ ಪ್ರಶ್ನೆ. ಮನೆ ಮಂಡಿಗೆ ಅಂಟಿಕೊಂಡೇ ಇದೆ, ಮಕ್ಕಳು ಓಡಾಡುತ್ತಾರೆ, ಏನಾದರೂ ಅಂಟುತ್ತದೆಯೇ ಎಂದು. ಈ ಕೆಂಪು ಜೀವಿಯಿಂದ ಆ ಭಯ ಬೇಡ ಎಂದೆ. ನಮ್ಮ ರಕ್ತದಲ್ಲಿ ಉಪ್ಪು ಒಂದು ಪರ್ಸೆಂಟಿಗೂ ಕಡಿಮೆ. ನಮ್ಮ ಮೈ ಅದಕ್ಕೆ ಸಿಹಿನೀರಿದ್ದಂತೆ, ಒಳಗೆ ಹೋದರೆ ಒಡೆದು ಹೋಗುತ್ತದೆ. ಆದರೆ ಹಸಿ ತೊಗಲಿನಿಂದ ಬೇರೆ ರೋಗಗಳು ಬರಬಹುದು. ಉಪ್ಪು ತಿಕ್ಕುವವರ ಕೈ ಬಿರುಕು ಬಿಟ್ಟಿರುತ್ತದೆ. ಅವರಿಗೆ ರಬ್ಬರ್ ಗ್ಲೌಸ್ ಕೊಡಿಸಲೇಬೇಕು ಎಂದು ಒತ್ತಿ ಹೇಳಿದೆ. ಕೊಡಿಸಿದರು.

ಏನು ಮಾಡಿದೆವು

640ರಲ್ಲಿ ಉಣ್ಣೆ ಜಾರಿದ 90 ತೊಗಲು ಬೇರೆ ಮಾಡಿದರು. ಉಳಿದವುಗಳ ಉಪ್ಪನ್ನೆಲ್ಲ ಕೊಡವಿ, ಕೆಂಪು ಜಾಗ ಕೆರೆದು, ಹೊಸ ಉಪ್ಪಿಗೆ ಬೋರಿಕ್ ಪೌಡರ್ ಬೆರೆಸಿ ಮತ್ತೆ ಹಚ್ಚಿದರು. ಅಟ್ಟಿ ಎದೆಯೆತ್ತರ ಇದ್ದದ್ದು ಮೊಣಕಾಲೆತ್ತರ ಆಯಿತು. ಕಿಟಕಿಯ ಹಲಗೆ ತೆಗೆದು ಜಾಲರಿ ಹೊಡೆದರು. ಎರಡು ವಾರದಲ್ಲಿ ಸಿಕ್ಕಿದ ಬೆಲೆಗೆ ಲೋಡು ಕಳಿಸಿಬಿಟ್ಟರು.

ಖಾಲಿಯಾದ ಮಂಡಿಗೆ ಔಷಧಿ ಏನು ಹೊಡೆಯಬೇಕು ಎಂದು ಕೇಳಿದರು. ಏನೂ ಬೇಡ, ಸಿಹಿನೀರು ಸಾಕು ಎಂದೆ. ನೆಲ, ಗೋಡೆ, ಹಲಗೆ ಎಲ್ಲವನ್ನೂ ಬೋರಿನ ನೀರಿನಲ್ಲಿ ಮೂರು ಸಲ ತೊಳೆದು, ಪೂರ್ತಿ ಒಣಗಲು ಬಿಟ್ಟರು. ಒಣಗಿಸದಿದ್ದರೆ ಅದೇ ನೀರು ಮತ್ತೆ ಉಪ್ಪುನೀರಾಗಿ ಅದಕ್ಕೆ ಮನೆಯಾಗುತ್ತದೆ.

ಇಲ್ಲೊಂದು ಕಷ್ಟ ಎದುರಾಯಿತು, ಅದು ನನ್ನನ್ನು ಇನ್ನೂ ಕಾಡುತ್ತದೆ. ತೊಳೆದ ನೀರು, ಎಸೆದ ಹಳೇ ಉಪ್ಪು ಎಲ್ಲಿಗೆ? ಪಕ್ಕದಲ್ಲೇ ಶೇಂಗಾ ಹೊಲ. ನೆಲ ಒಮ್ಮೆ ಸವಳಾದರೆ ಸರಿಮಾಡುವುದು ಎಷ್ಟು ಕಷ್ಟ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ತಮಿಳುನಾಡಿನ ಪಾಲಾರ್ ನದಿಯ ದಂಡೆಯಲ್ಲಿ ಟ್ಯಾನರಿಗಳ ಉಪ್ಪುನೀರು ಬಾವಿಗಳನ್ನು ಹೇಗೆ ಹಾಳು ಮಾಡಿತು ಎಂಬುದು ನಮ್ಮ ಕಣ್ಣಮುಂದೆಯೇ ಇದೆ. ಬೋರಿಕ್ ಪೌಡರ್ ಬೆರೆತ ಉಪ್ಪಂತೂ ಬೆಳೆಗೆ ಇನ್ನೂ ಕೆಟ್ಟದ್ದು. ಕೊನೆಗೆ ಹಿತ್ತಲಿನಲ್ಲಿ ಮೊಣಕಾಲಿನಷ್ಟೂ ಆಳವಿಲ್ಲದ ಅಗಲವಾದ ಸಿಮೆಂಟು ತೊಟ್ಟಿ ಕಟ್ಟಿಸಿ, ಎಲ್ಲವನ್ನೂ ಅದಕ್ಕೆ ಬಿಟ್ಟರು. ಮಳೆ ನಿಂತ ಮೇಲೆ ಚಿತ್ರದುರ್ಗದ ಬಿಸಿಲು ಅದನ್ನು ಇಂಗಿಸಿತು. ಜನವರಿಯಲ್ಲಿ ಹೋದಾಗ ತೊಟ್ಟಿಯ ತಳದಲ್ಲಿ ಉಳಿದ ನೀರು ತೆಳು ಗುಲಾಬಿಯಾಗಿತ್ತು.

ಮುಂದಿನ ವರ್ಷ

ಮರುವರ್ಷ ಬಕ್ರೀದಿಗೆ ಅವರು ಹಳೇ ಉಪ್ಪು ಮುಟ್ಟಲಿಲ್ಲ. ಹೊಸ ಉಪ್ಪು ಬಂದಾಗ ಪ್ರತಿ ಲೋಡಿನಿಂದ ಒಂದು ಹಿಡಿ ನಮ್ಮ ಲ್ಯಾಬಿಗೆ ಕಳಿಸಿದರು. ಎರಡು ಲೋಡಿನಲ್ಲಿ ಚುಕ್ಕೆ ಕಡಿಮೆ, ಒಂದರಲ್ಲಿ ಜಾಸ್ತಿ. ಜಾಸ್ತಿ ಇದ್ದದ್ದನ್ನು ಬೇಗ ಹೋಗುವ ಮಾಲಿಗೆ ಬಳಸಿದರು. ಇಡೀ ಮಳೆಗಾಲದಲ್ಲಿ ಕೆಂಪು ಕಂಡದ್ದು ಒಂದೇ ಮೂಲೆಯಲ್ಲಿ, ಎಂಟು ಹತ್ತು ತೊಗಲಿಗೆ. ಆ ಮೂಲೆಯಲ್ಲಿ ಮಾತ್ರ ಹಳೇ ಮರದ ಹಲಗೆಗಳನ್ನು ಉಳಿಸಿಕೊಂಡಿದ್ದರು. ಬಿರುಕಿನೊಳಗೆ ಉಪ್ಪು ಗಟ್ಟಿಯಾಗಿ ಕೂತಿತ್ತು.

"ತೊಳೆದಿದ್ವಲ್ಲ ಮೇಡಂ, ಒಂದು ವರ್ಷ ಆತು. ಅಷ್ಟು ದಿನ ಬದುಕಿರುತ್ತಾ?" ಎಂದು ಯಜಮಾನರು ನಂಬದೆ ಕೇಳಿದರು.

ಅವರ ಮೊದಲ ವರ್ಷದ ಹಳೇ ಉಪ್ಪಿನ ಒಂದು ಬಾಟಲಿ ನಮ್ಮ ಲ್ಯಾಬಿನ ಕಪಾಟಿನಲ್ಲಿತ್ತು. ಹುಡುಗಿ ಈಗ ಮೂರನೇ ವರ್ಷ. ಅವಳೇ ಒಂದು ದೊಡ್ಡ ಹರಳು ಆರಿಸಿ, ಅದರ ಹೊರಮೈ ಒರೆಸಿ, ಉಪ್ಪುನೀರಿನಲ್ಲಿ ಕರಗಿಸಿ ಪ್ಲೇಟಿಗೆ ಹಚ್ಚಿದಳು. ಹದಿನಾಲ್ಕು ತಿಂಗಳು ಒಣಗಿ ಕೂತಿದ್ದ ಹರಳು. ಹನ್ನೆರಡನೇ ದಿನ ಮೂರು ಕೆಂಪು ಚುಕ್ಕೆ ಎದ್ದವು. ಫೋಟೋ ತೆಗೆದು ದೊಡ್ಡಪ್ಪನಿಗೆ ಕಳಿಸಿದಳು.

ಅವತ್ತೇ ಸಂಜೆ ಅವರ ಫೋನು ಬಂತು. ಮೂಲೆಯ ಹಲಗೆ ಕಿತ್ತುಹಾಕಿದ್ದಾರಂತೆ. ಕಲ್ಲು ಚಪ್ಪಡಿ ಹಾಕಿಸುವುದಾ, ಸಿಮೆಂಟಾ ಎಂದು ಕೇಳಿದರು. ಬಿರುಕಿಲ್ಲದ್ದು ಯಾವುದೋ ಅದನ್ನು ಹಾಕಿಸಿ ಎಂದೆ.